ಹೋಗಲಿಕ್ಕೆ ನಲವತ್ತು ನಿಮಿಷ

ನಮ್ಮೂರಿನಿಂದ ಆಚೆಯೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಹೊಸಬರು ಯಾರಾದರೂ ಕೇಳಿದರೆ, ಯಾವತ್ತು ಎಂದು ನಾವು ತಿರುಗಿ ಕೇಳುತ್ತೇವೆ. ಅವರು ನಗುತ್ತಾರೆ, ನಾವು ನಗುವುದಿಲ್ಲ. ಒಮ್ಮೆ ದಕ್ಷಿಣದ ಕಡೆಯಿಂದ ಸರ್ವೇ ಅಧಿಕಾರಿಯೊಬ್ಬ ದೂರ ಅಳೆಯುವ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದ. ಹೋಗುವಾಗ ಅವನ ಪೆಟ್ಟಿಗೆ ನಾನೂರು ಕಿಲೋಮೀಟರ್ ತೋರಿಸಿತು, ಅದೇ ದಿನ ವಾಪಸ್ ಬರುವಾಗ ಎಂಟುನೂರು. ಪೆಟ್ಟಿಗೆಗೆ ನಾಲ್ಕು ಬಾರಿಸಿ ನೋಡಿದ. ಕಡೆಗೆ ನಮ್ಮ ನಿಲ್ದಾಣದಲ್ಲಿ ಎರಡು ಲೋಟ ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಹೊರಟುಹೋದ. ಕೇಳಿದ್ದರೆ ಹೇಳುತ್ತಿದ್ದೆವು. ಅವನು ನಮ್ಮನ್ನು ಕೇಳಲಿಲ್ಲ, ಪೆಟ್ಟಿಗೆಯನ್ನು ಕೇಳಿದ.

ಸಂಗತಿ ಇಷ್ಟೇ. ಹೋಗುವುದೂ ಬರುವುದೂ ಕೂಡಿ ಆರು ತಾಸು. ಅದು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆರನ್ನು ಹೇಗೆ ಹಂಚಿಕೊಳ್ಳಬೇಕೆಂದು ಎರಡೂ ಊರಿನವರು ದಿನಾ ಬೆಳಿಗ್ಗೆ ಎಂಟರೊಳಗೆ ವೈರ್‌ಲೆಸ್ಸಿನಲ್ಲಿ ಮಾತಾಡಿಕೊಂಡು, ತಮ್ಮ ತಮ್ಮ ನಿಲ್ದಾಣದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಹೋಗಲಿಕ್ಕೆ ಎರಡು ಎಂದು ಬರೆದರೆ ಬರಲಿಕ್ಕೆ ನಾಲ್ಕು. ಒಪ್ಪಿಗೆ ಆಗದ ದಿನ ಮೂರು-ಮೂರು. ಮೂರು-ಮೂರು ನೆಲದ್ದೇ ಅಳತೆ, ಅದಕ್ಕೆ ಯಾರ ಕಾವಲೂ ಬೇಡ. ಬೇರೆ ಯಾವ ಸಂಖ್ಯೆ ಬರೆದರೂ ವಿಮಾನ ಹೋಗಿ ವಾಪಸ್ ಬಂದು ಇಳಿಯುವ ತನಕ ಎರಡೂ ಊರಿನಲ್ಲಿ ಹಲಗೆಯ ಪಕ್ಕದಿಂದ ಏಳುವಂತಿಲ್ಲ. ತೀರ ಅನಿವಾರ್ಯವಾದರೆ ಒಂದೇ ಒಂದು ಸಲ ಇನ್ನೊಬ್ಬರನ್ನು ಕೂರಿಸಿ ಏಳಬಹುದು, ಆಮೇಲೆ ಅವರು ಏಳುವಂತಿಲ್ಲ. ನನಗಿಂತ ಮುಂಚೆ ಹಲಗೆ ನೋಡಿಕೊಳ್ಳುತ್ತಿದ್ದ ಮುದುಕ ಒಮ್ಮೆ ಹಸಿವು ತಡೆಯದೆ ಮನೆಗೆ ಹೋದನಂತೆ. ವಿಮಾನ ಬಂದು ನೋಡಿದರೆ ಕೆಳಗೆ ಊರೇ ಇಲ್ಲ, ಬರೀ ಬಿಳಿ ಬಯಲು. ಯಾರೋ ಓಡಿಹೋಗಿ ಅವನನ್ನು ಎಂಜಲುಗೈಯಲ್ಲೇ ಎಳೆದು ತಂದು ಕೂರಿಸಿದ ಮೇಲೆ ಊರು ಕಂಡಿತಂತೆ.

ಇನ್ನೊಂದು ಮಾತು. ಹೋದ ವಿಮಾನ ಬರುವ ತನಕ ಹೊಸ ಸಂಖ್ಯೆ ಬರೆಯುವಂತಿಲ್ಲ. ಅದು ಎಷ್ಟು ಹೊತ್ತು ಅಲ್ಲೇ ನಿಂತರೂ ಬರುವ ದಾರಿ ಅಷ್ಟೇ ಇರುತ್ತದೆ. ನಮ್ಮ ವಿಮಾನದ ಟ್ಯಾಂಕು ಪೂರ್ತಿ ತುಂಬಿಸಿದರೆ ಐದು ತಾಸು ಹಾರುತ್ತದೆ, ಮೇಲೆ ಒಂದು ನಿಮಿಷವೂ ಇಲ್ಲ. ಹಾಗಾಗಿ ಒಂದು ತಾಸಿಗಿಂತ ಕಡಿಮೆ ಯಾರೂ ಬರೆದಿರಲಿಲ್ಲ, ನಾನು ಬರೆಯುವ ತನಕ.

ನನ್ನ ಹೆಸರು ಇಂದುಮತಿ. ಹತ್ತೊಂಬತ್ತು ವರ್ಷದಿಂದ ನಮ್ಮೂರಿನ ಹಲಗೆ ನನ್ನದು. ಬಾಯಿ ಜೋರು ಎಂದೇ ಊರಿನವರು ಈ ಕೆಲಸ ನನಗೆ ಕೊಟ್ಟದ್ದು, ನಾನೂ ಅವರಿಗೆ ಮೋಸ ಮಾಡಲಿಲ್ಲ. ಸಂಜೆ ಹೊತ್ತು ಜನ ಮನೆಗೆ ಬಂದು ತಮ್ಮ ಬೇಡಿಕೆ ಹೇಳುತ್ತಾರೆ. ಮೀನು ಸಾಗಿಸುವವರಿಗೆ ಹೋಗುವ ದಾರಿ ಚಿಕ್ಕದಾಗಬೇಕು. ಮಗಳನ್ನು ಗಂಡನ ಮನೆಗೆ ಬಿಡಲು ಹೋಗುವ ತಾಯಿಗೆ ದೊಡ್ಡದಾಗಬೇಕು, ಇನ್ನಷ್ಟು ಹೊತ್ತು ಮಗಳು ಪಕ್ಕದಲ್ಲಿ ಕೂತಿರಲಿ ಎಂದು. ಆರು ಮಕ್ಕಳ ತಂದೆಯಾದ ಒಬ್ಬ ಮೇಷ್ಟ್ರು ವರ್ಷಕ್ಕೊಮ್ಮೆ ಬಂದು ನಾಲ್ಕು ತಾಸು ಮಾಡಿಸಿಕೊಡಿ ಎನ್ನುತ್ತಿದ್ದರು. ಕೆಲಸವೇನು ಎಂದರೆ, ನಿದ್ದೆ. ಸರಕಿಗೆ ಕೇಳಬಹುದು, ಆದರೆ ದಾರಿ ಚಿಕ್ಕದು ಮಾಡಿ ಎಂದು ತನಗೋಸ್ಕರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಮ್ಮಲ್ಲಿ ಅದು ಮಾನಗೇಡು. ನೀನು ಕಡಿಮೆ ತೆಗೆದುಕೊಂಡರೆ ಎದುರಿನಿಂದ ಬರುವ ಯಾರೋ ಅಷ್ಟೂ ಹೊತ್ತನ್ನು ಹೊರಬೇಕಲ್ಲ. ಅದಕ್ಕೇ ಪಕ್ಕದ ಮನೆಯವರು ಬಂದು ಕೇಳುತ್ತಾರೆ, ಅಕ್ಕ ಬಂದು ಕೇಳುತ್ತಾಳೆ.

ಆಚೆಯೂರಿನ ಹಲಗೆ ಧರಣೆಪ್ಪನದು. ಹತ್ತೊಂಬತ್ತು ವರ್ಷವೂ ನಾನು ಜಗಳವಾಡಿದ್ದು ಅವನ ಜೊತೆ, ಒಂದು ದಿನವೂ ಮುಖ ನೋಡಿದ್ದಿಲ್ಲ. ದನಿ ಮಾತ್ರ ಗೊತ್ತು. ಗಡಸು ದನಿ, ನಡುನಡುವೆ ಕೆಮ್ಮು. ಆ ದನಿಗೆ ನಾನೇ ಮನಸ್ಸಿನಲ್ಲಿ ಎತ್ತರದ ಆಳು, ಹುರಿಮೀಸೆ ಎಲ್ಲ ಕಟ್ಟಿಕೊಟ್ಟಿದ್ದೆ. ಬೆಳಗಿನ ಆ ಅರ್ಧ ತಾಸು ನನಗೆ ಹಬ್ಬ. ಅವನು ಕೋಳಿಗಳು ಸಾಯುತ್ತವೆ, ಬರುವ ದಾರಿ ಎರಡು ತಾಸು ಮಾಡಿ ಎನ್ನುತ್ತಿದ್ದ. ವಿಮಾನ ಬಂದ ಮೇಲೆ ನೋಡಿದರೆ ಒಂದು ಕೋಳಿಯೂ ಇಲ್ಲ, ಉಪ್ಪಿನಕಾಯಿ ಜಾಡಿ. ನಾನೂ ಕಡಿಮೆಯವಳಲ್ಲ. ಹುಟ್ಟದ ಮಗುವಿಗೆ ಜ್ವರ ಬರಿಸಿ ಒಂದೂವರೆ ತಾಸು ಗಿಟ್ಟಿಸಿದ್ದೇನೆ. ಇಬ್ಬರಿಗೂ ಇದು ಗೊತ್ತಿತ್ತು. ವ್ಯಾಪಾರ ಅಂದಮೇಲೆ ಇಷ್ಟು ಇರಬೇಕು ಎಂದು ಒಬ್ಬರಿಗೊಬ್ಬರು ಬಿಟ್ಟುಕೊಟ್ಟಿದ್ದೆವು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು, ತನ್ನ ತಾಯಿ ಪದ್ಮವ್ವ ಬರುತ್ತಿದ್ದಾಳೆ, ಬೆನ್ನುನೋವು, ಬಹಳ ಹೊತ್ತು ಕೂರಲು ಆಗುವುದಿಲ್ಲ, ಬರುವ ದಾರಿ ಎರಡು ತಾಸು ಮಾಡಿ ಎಂದ. ನಮ್ಮೂರಿನ ಬಿಸಿನೀರಿನ ಬುಗ್ಗೆಯಲ್ಲಿ ನಾಲ್ಕು ದಿನ ಬೆನ್ನು ನೆನೆಸಿದರೆ ಎಂಥ ನೋವೂ ಇಳಿಯುತ್ತದೆ ಎಂದು ಎರಡೂ ಊರಿನಲ್ಲಿ ನಂಬಿಕೆ. ನಾನು ನಕ್ಕೆ. ಈ ಸಲ ಕೋಳಿಗೆ ಬೆನ್ನುನೋವೇನು ಎಂದೆ. ನಮ್ಮ ಮೀನಿನವರು ಹಿಂದಿನ ಸಂಜೆಯೇ ಬಂದು ಹೋಗಿದ್ದರು, ಅವರಿಗೆ ನಾನು ಮಾತು ಕೊಟ್ಟಾಗಿತ್ತು. ಅವನು ಇನ್ನೂ ಎರಡು ಸಲ ಹೇಳಿದ. ನಾನು ಜಗ್ಗಲಿಲ್ಲ. ಒಪ್ಪದೆ ಮೂರು-ಮೂರಕ್ಕೆ ಬಿಡಬಹುದಿತ್ತು, ಆದರೆ ಕೋಳಿಯ ಹೆಸರಿನಲ್ಲಿ ಪಡೆದ ಎರಡು ತಾಸಿನ ಬಾಕಿಯನ್ನು ನಾನು ಎತ್ತಿ ಆಡಿದೆ. ಮುದುಕಿ ಹೊರಡಲು ಸಿದ್ಧವಾಗಿ ಕೂತಿದ್ದಾಳೆ ಎಂದು ಕಡೆಗೆ ಅವನೇ ಸೋತು, ಬರಲಿಕ್ಕೆ ನಾಲ್ಕು ತಾಸು ಎಂಬುದಕ್ಕೆ ಒಪ್ಪಿದ.

ಅವತ್ತು ವಿಮಾನದಿಂದ ಪದ್ಮವ್ವ ಇಳಿದದ್ದನ್ನು ನಾನು ಹಲಗೆಯ ಪಕ್ಕದಿಂದಲೇ ನೋಡಿದೆ. ಇಳಿದಳು ಎನ್ನುವಂತಿಲ್ಲ, ಇಳಿಸಿದರು. ಇಬ್ಬರು ಎರಡು ಕಡೆ ಹಿಡಿದಿದ್ದರು. ಸೊಂಟದಿಂದ ಮೇಲೆ ದೇಹ ಮಡಚಿಹೋಗಿ, ಮುಖ ನೆಲ ನೋಡುತ್ತಿತ್ತು. ಆದರೂ ಹೋಗಿ ಮಾತಾಡಿಸಲಿಲ್ಲ. ಮರುದಿನ ಬೆಳಿಗ್ಗೆ ಧರಣೆಪ್ಪ, ನೋಡಿದಿರಾ, ಎಂದು ಕೇಳಿದ. ನಿಜ ಹೇಳುವ ಅಭ್ಯಾಸ ಮೊದಲಿನಿಂದಲೂ ಇರಬೇಕಿತ್ತು ಎಂದುಬಿಟ್ಟೆ. ತಪ್ಪು ನನ್ನದೆಂದು ಗೊತ್ತಿದ್ದಾಗಲೇ ನನ್ನ ನಾಲಿಗೆ ಹೆಚ್ಚು ಹರಿತವಾಗುವುದು. ಅಂದಿನಿಂದ ಅವನು ವೈರ್‌ಲೆಸ್ಸಿನಲ್ಲಿ ಒಂದೇ ಮಾತು ಹೇಳತೊಡಗಿದ. ‘ಮೂರು.’ ನಾನೂ ಮೂರು ಎಂದು ಹೇಳಿ ಹಿಡಿಕೆ ಕೆಳಗಿಡುತ್ತಿದ್ದೆ. ಹನ್ನೊಂದು ದಿನ ಹೀಗೆ ನಡೆಯಿತು. ಮೀನು ಹಳಸಿದವು, ಜನ ಗೊಣಗಿದರು. ಪದ್ಮವ್ವ ಬುಗ್ಗೆಯಲ್ಲಿ ನಾಲ್ಕು ದಿನ ಮುಗಿಸಿ, ಸ್ವಲ್ಪ ನೆಟ್ಟಗಾಗಿ, ಮೂರು ತಾಸಿನ ದಾರಿಯಲ್ಲಿ ತನ್ನೂರಿಗೆ ಹೋದಳು. ಆಗಲೂ ನಾನು ಎದುರಿಗೆ ಹೋಗಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಏಳೂಕಾಲಿಗೆ, ನಾನು ನಿಲ್ದಾಣಕ್ಕೆ ಹೊರಡುವ ಹೊತ್ತಿಗೆ, ನನ್ನ ಗಂಡ ಚಂದ್ರಾಮ ಕೈಯಲ್ಲಿದ್ದ ಸುತ್ತಿಗೆ ಬಿಟ್ಟು ನೆಲಕ್ಕೆ ಕುಸಿದ. ಅವನದು ತಗಡಿನ ಕೆಲಸ, ಒಲೆಗಳಿಗೆ ಹೊಗೆಕೊಳವೆ ಮಾಡಿಕೊಡುತ್ತಾನೆ. ಎರಡು ದಿನದಿಂದ ರೊಟ್ಟಿ ಮುಟ್ಟಿರಲಿಲ್ಲ. ಕೇಳಿದರೆ, ಬೇಳೆ ಬೆಂದಿರಲಿಲ್ಲ, ಹೊಟ್ಟೆ ಕೆಟ್ಟಿದೆ ಎಂದು ನನ್ನ ಅಡುಗೆಯ ಮೇಲೆ ಹಾಕಿದ್ದ. ನಾನೂ ಸಿಟ್ಟಿನಲ್ಲಿ ಸುಮ್ಮನಾಗಿದ್ದೆ. ಕಂಪೌಂಡರನ್ನು ಕರೆಸಿದೆ. ನಮ್ಮೂರಿನಲ್ಲಿ ಡಾಕ್ಟರು ಇಲ್ಲ, ಆಪರೇಷನ್ ಮಾಡುವವರು ಆಚೆಯೂರಿನಲ್ಲೇ ಇರುವುದು. ಕಂಪೌಂಡರ್ ಹೊಟ್ಟೆ ಒತ್ತಿ ನೋಡಿದ. ಒತ್ತಿದಾಗ ಕೂಗದ ಚಂದ್ರಾಮ ಕೈ ತೆಗೆದಾಗ ಕೂಗಿದ. ಅಪೆಂಡಿಕ್ಸ್, ಅಂದರೆ ಕರುಳಿನ ಬಾಲ, ಒಡೆಯುವುದಕ್ಕೆ ಬಂದಿದೆ, ವಿಮಾನ ಏರಿದ ಒಂದು ತಾಸಿನೊಳಗೆ ಡಾಕ್ಟರ ಟೇಬಲ್ಲಿನ ಮೇಲಿರಬೇಕು, ತಡವಾದರೆ ನಾನು ಹೇಳಲಾರೆ ಎಂದ. ಅಲ್ಲಿ ನಿಲ್ದಾಣದಿಂದ ಆಸ್ಪತ್ರೆಗೆ ಹಿಮದ ಮೇಲೆ ಇಪ್ಪತ್ತು ನಿಮಿಷವಾದರೂ ಬೇಕು. ಎಷ್ಟು ಎಳೆದರೂ ಹಾರುವುದಕ್ಕೆ ಉಳಿಯುವುದು ನಲವತ್ತು ನಿಮಿಷ.

ಎರಡು ದಿನ ಬಾಯಿಬಿಡಲಿಲ್ಲವೇಕೆ ಎಂದು ನಾನು ಅವನನ್ನು ಬೈಯುತ್ತಲೇ ಕೇಳಿದೆ. ಬೆವರಿನಲ್ಲಿ ತೊಯ್ದಿದ್ದ ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ:

‘ನೀ ಆ ಧರಣೆಪ್ಪನ ಮುಂದ ಬಾಗೂದು ನನಗ ಬ್ಯಾಡಾಗಿತ್ತು.’

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನಗೋಸ್ಕರ ಮಾಡಿದ ಅತ್ಯಂತ ದೊಡ್ಡ ಕೆಲಸ ಇದು, ಅತ್ಯಂತ ದಡ್ಡ ಕೆಲಸವೂ ಇದೇ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅಳು ಬಂತು. ಎರಡಕ್ಕೂ ಹೊತ್ತಿರಲಿಲ್ಲ. ಅವನನ್ನು ಕೌದಿಯಲ್ಲಿ ಸುತ್ತಿ, ಹಿಮದ ಮೇಲೆ ಎಳೆಯುವ ಜಾರುಬಂಡಿಯ ಮೇಲೆ ಮಲಗಿಸಿಕೊಂಡು ನಿಲ್ದಾಣಕ್ಕೆ ಬಂದೆವು.

ವಿಮಾನ ನಡೆಸುವ ಇಮಾಮಸಾಬ ರೆಕ್ಕೆಯ ಮೇಲಿನ ಮಂಜು ಕೆರೆಯುತ್ತಿದ್ದ. ಮಾತು ಕಡಿಮೆ, ಚಹಾ ಜಾಸ್ತಿ. ನಾನು ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಹೋಗಲಿಕ್ಕೆ ನಲವತ್ತು ನಿಮಿಷ ಬರೆದರೆ ಬರಲಿಕ್ಕೆ ಐದು ತಾಸು ಇಪ್ಪತ್ತು ನಿಮಿಷ. ಪೆಟ್ರೋಲ್ ಇರುವುದು ಐದಕ್ಕೆ. ಕೊನೆಯ ಇಪ್ಪತ್ತು ನಿಮಿಷ ಗಾಳಿಯಲ್ಲಿ ಏನು ಮಾಡುತ್ತೀ? ಅವನು ರೆಕ್ಕೆ ಕೆರೆಯುವುದನ್ನು ನಿಲ್ಲಿಸಲೇ ಇಲ್ಲ. ಮೊದಲು ಹೋಗುವುದು ಹೋಗೋಣ, ಬರುವುದನ್ನು ಅಲ್ಲಿ ಕೂತು ಯೋಚಿಸೋಣ, ನೀವು ನಿಮ್ಮ ಕೆಲಸ ನೋಡಿ ಎಂದ.

ಇನ್ನು ನನ್ನ ಕೆಲಸ. ಎಂಟಕ್ಕೆ ಹತ್ತು ನಿಮಿಷ ಇತ್ತು. ವೈರ್‌ಲೆಸ್ಸಿನ ಹಿಡಿಕೆ ಒತ್ತಿದೆ. ಅತ್ತಕಡೆಯಿಂದ ಎಂದಿನಂತೆ ದನಿ ಬಂತು. ಮೂರು. ನಾನು ಎಂದಿನಂತೆ ಹೇಳಲಿಲ್ಲ. ನಲವತ್ತು ನಿಮಿಷ ಎಂದೆ. ಬರೀ ಕೊರಕೊರ ಸದ್ದು. ಅವನು ನಗುತ್ತಾನೇನೋ, ಈ ಸಲ ಯಾವ ಮಗುವಿಗೆ ಜ್ವರ ಎಂದು ಕೇಳುತ್ತಾನೇನೋ ಎಂದು ಕಾದೆ. ಅವನ ಜಾಗದಲ್ಲಿ ನಾನಿದ್ದರೆ ಕೇಳುತ್ತಿದ್ದೆ. ಸುಳ್ಳೇಕೆ ಹೇಳಲಿ, ಖಂಡಿತ ಕೇಳುತ್ತಿದ್ದೆ.

‘ಯಾರಿಗ್ರಿ?’ ಎಂದ.

‘ನನಗ ಬೇಕಾಗೇತಿ. ನನ್ನ ಗಂಡ ಸಾಯಾಕ ಬಿದ್ದಾನ.’

‘ಬರದೆ. ನೀವೂ ಬರೀರಿ.’

‘ಬರೂ ದಾರಿ ಹೆಂಗಂತ ಕೇಳಂಗಿಲ್ಲೇನ್ರಿ?’

‘ಅದು ಆಮ್ಯಾಲಿನ ಮಾತು ಬಾಯಾರ. ಎಂಟಾಗಾಕ ಆರು ನಿಮಿಷ ಐತಿ, ಬರೀರಿ.’

ಅಷ್ಟೇ. ಅವ್ವನ ಮಾತು ಎತ್ತಲಿಲ್ಲ, ಹನ್ನೊಂದು ದಿನದ ಮಾತು ಎತ್ತಲಿಲ್ಲ. ನಾನು ಎದ್ದು ಹಲಗೆ ಒರೆಸಿ ನಲವತ್ತು ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು. ಅವತ್ತು ಹೋಗಬೇಕಾಗಿದ್ದ ಒಂಬತ್ತು ಜನ ಗಂಟುಮೂಟೆ ಹಿಡಿದು ಹಲಗೆಯ ಮುಂದೆ ನಿಂತಿದ್ದರು. ಬರೆದದ್ದನ್ನು ಓದಿದರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ, ನಮ್ಮೂರಿನ ಕೂಸಿಗೂ ಆರರಲ್ಲಿ ಕಳೆಯಲು ಬರುತ್ತದೆ. ಇರುವುದು ಒಂದೇ ವಿಮಾನ. ಕಡ್ಡಿಪೆಟ್ಟಿಗೆ, ಉಪ್ಪು, ಔಷಧಿ, ಪತ್ರ ಎಲ್ಲ ಅದರಲ್ಲೇ ಬರಬೇಕು. ಒಬ್ಬ, ಒಂದು ಜೀವಕ್ಕೆ ಇಡೀ ಊರಿನ ದಾರಿ ಕಡಿಯುವುದೇ, ಎಂದ. ಮೆಲ್ಲಗೇ ಹೇಳಿದ, ತಪ್ಪೂ ಹೇಳಲಿಲ್ಲ. ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೊರಟಿದ್ದ ತಾಯವ್ವ ಎಂಬ ಕಂಬಳಿ ನೇಯುವಾಕೆ ವಿಮಾನಕ್ಕೆ ಏರಿಸಿದ್ದ ತನ್ನ ಗಂಟನ್ನು ತಾನೇ ಇಳಿಸಿಕೊಂಡಳು. ತೊಟ್ಟಿಲು ನಾಳೆಯೂ ಕಟ್ಟುತ್ತಾರೆ, ಮೊದಲು ಮಲಗಿದವನಿಗೆ ಜಾಗ ಮಾಡಿ ಎಂದಳು. ಅವಳ ಹಿಂದೆ ಉಳಿದವರೂ ಇಳಿಸಿಕೊಂಡರು. ಮಾತಾಡಿದ್ದ ಆ ಮನುಷ್ಯನೇ ಚಂದ್ರಾಮನ ತಲೆಯ ಕಡೆ ಹಿಡಿದು ಎತ್ತಿದ.

ನಾನು ಜೊತೆಗೆ ಹೋಗಲಿಲ್ಲ. ಹಲಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಡನನ್ನು ಹೊತ್ತ ವಿಮಾನ ಮೇಲೇರುವುದನ್ನು ಕಿಟಕಿಯಿಂದ ನೋಡಿದೆ. ಬೇರೆಯವರನ್ನು ಕೂರಿಸಿ ಹೋಗಬಹುದಿತ್ತು. ಅವರಿಗೆ ಕೆಮ್ಮು ಬಂದು ಎದ್ದರೆ, ನಿದ್ದೆ ಬಂದು ಹೊರಳಿದರೆ ಎಂದು ಧೈರ್ಯ ಬರಲಿಲ್ಲ. ಬರೆದವಳು ನಾನು, ಕೂರುವವಳೂ ನಾನೇ ಎಂದುಕೊಂಡೆ.

ರೆಕ್ಕೆಯ ಮಂಜು ಪೂರ್ತಿ ಕೆರೆದು ಎಂಟೂಮುಕ್ಕಾಲಿಗೆ ಹೊರಟ ವಿಮಾನ ಒಂಬತ್ತೂ ಇಪ್ಪತ್ತೈದಕ್ಕೆ ಇಳಿಯಿತು ಎಂದು ಧರಣೆಪ್ಪ ತಿಳಿಸಿದ. ಒಂಬತ್ತೂಮುಕ್ಕಾಲಿಗೆ, ಒಳಗೆ ಕರೆದುಕೊಂಡರು, ಬಾಗಿಲು ಹಾಕಿದ್ದಾರೆ ಎಂದ. ಆಮೇಲೆ ಸ್ವಲ್ಪ ಹೊತ್ತು ಅವನೂ ಇಮಾಮಸಾಬನೂ ಅಲ್ಲಿ ಮಾತಾಡಿಕೊಳ್ಳುವುದು ಕೇಳುತ್ತಿತ್ತು. ಹತ್ತರ ಸುಮಾರಿಗೆ ಇಮಾಮಸಾಬನೇ ವೈರ್‌ಲೆಸ್ಸಿಗೆ ಬಂದು ನನ್ನ ಜೊತೆ ಮಾತಾಡಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ದಾರಿ ಚಿಕ್ಕದಾದ ದಿನ ಕೆಳಗೆ ಏನೂ ಕಾಣುವುದಿಲ್ಲವಂತೆ, ಬರೀ ಬಿಳಿ. ದಾರಿ ಬೆಳೆದಂತೆಲ್ಲ ನೆಲವೂ ಬೆಳೆಯುತ್ತದಂತೆ, ಗುಡ್ಡ ಬರುತ್ತವೆ, ಹಳ್ಳ ಬರುತ್ತವೆ. ಆರು ವರ್ಷದ ಹಿಂದೆ ಒಮ್ಮೆ ಐದು ತಾಸಿನ ದಾರಿ ಹಾರಿದಾಗ ಮೂರನೆಯ ತಾಸಿಗೆ ಒಂದು ದೊಡ್ಡ ಕೆರೆ ಕಂಡಿತ್ತಂತೆ, ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಅದು ಇನ್ನೂ ಇದ್ದರೆ ಅದರ ಮೇಲೆ ಇಳಿಸುತ್ತೇನೆ, ಡಬ್ಬಿಗಳಿಂದ ಪೆಟ್ರೋಲ್ ಸುರಿದುಕೊಂಡು ಹಾರುತ್ತೇನೆ ಎಂದ. ನಡುವಿನ ನೆಲದ ಮೇಲೆ ಅದುವರೆಗೆ ಯಾರೂ ಕಾಲಿಟ್ಟಿರಲಿಲ್ಲ. ಇಲ್ಲದಿದ್ದರೆ, ಎಂದು ನಾನು ಕೇಳಲಿಲ್ಲ.

ಮತ್ತೆ ಧರಣೆಪ್ಪನ ದನಿ ಬಂತು. ಚಳಿಯಲ್ಲಿ ಸುರಿಯಲು ಎರಡನೆಯ ಕೈ ಬೇಕು, ಅವರೂರಿನವರು ನಡುವಿನ ನೆಲವೆಂದರೆ ಹೆದರುತ್ತಾರೆ, ಸಂಖ್ಯೆಗೆ ಒಪ್ಪಿದವನು ತಾನು, ಹಾಗಾಗಿ ತಾನೇ ಹೊರಡುತ್ತಿದ್ದೇನೆ ಎಂದ. ಅವರ ಡಿಪೋದಲ್ಲಿ ಟ್ಯಾಂಕು ತುಂಬಿಸಿದ ಮೇಲೆ ಉಳಿದದ್ದು ಮೂರೇ ಡಬ್ಬಿ, ಇನ್ನೆರಡು ಬೇಕಿತ್ತು. ವೈರ್‌ಲೆಸ್ಸಿನ ಜನರೇಟರಿನಲ್ಲಿ ಅಷ್ಟು ಪೆಟ್ರೋಲ್ ಇತ್ತು. ಅದನ್ನೂ ಬಸಿದುಕೊಳ್ಳುತ್ತೇವೆ, ಇನ್ನು ಈ ಕಡೆಯಿಂದ ಸುದ್ದಿ ಬರುವುದಿಲ್ಲ, ಹತ್ತೂವರೆಗೆ ಹೊರಡುತ್ತೇವೆ, ಕೆರೆಯ ಮೇಲೆ ಇಪ್ಪತ್ತು ನಿಮಿಷ ಹಿಡಿದರೂ ನಾಲ್ಕೂ ಹತ್ತಕ್ಕೆ ನಿಮ್ಮಲ್ಲಿರಬೇಕು ಎಂದ. ನನಗೆ ಒಮ್ಮೆಲೇ ನೆನಪಾಯಿತು.

‘ನಿಮ್ಮ ಹಲಗಿ ಮುಂದ ಯಾರ್ರಿ?’

‘ಅವ್ವ ಕುಂದರತಾಳ. ನಾ ಹೇಳಿಲ್ಲ, ಆಕೀನ ಬಂದಾಳ.’

ಏನಾದರೂ ಹೇಳಬೇಕೆಂದು ಹಿಡಿಕೆ ಒತ್ತಿದೆ. ಅಷ್ಟರಲ್ಲಿ ಕೊರಕೊರ ಸದ್ದು ಸಣ್ಣಗಾಗುತ್ತ ಹೋಗಿ ನಿಂತೇಹೋಯಿತು. ಜನರೇಟರು ಬಸಿದುಕೊಂಡಿದ್ದರು.

ಆಮೇಲೆ ನಾನು ಕೂತದ್ದೇ ಕೂತದ್ದು. ಚಂದ್ರಾಮ ಇದ್ದಾನೋ ಇಲ್ಲವೋ ಗೊತ್ತಿಲ್ಲ. ವಿಮಾನ ಹಾರಿತೋ ಇಲ್ಲವೋ ಗೊತ್ತಿಲ್ಲ. ನನಗೆ ಗೊತ್ತಿದ್ದುದು ಒಂದೇ. ಆಚೆ ಒಂದು ಸ್ಟೂಲಿನ ಮೇಲೆ, ನಾಲ್ಕು ತಾಸು ಕೂತದ್ದಕ್ಕೇ ಮಡಚಿಹೋಗಿದ್ದ ಮುದುಕಿ ಕೂತಿದ್ದಾಳೆ. ಅವಳು ಎದ್ದರೆ ಎಲ್ಲ ಮುಗಿಯಿತು. ಬೆನ್ನು ಸೆಳೆದು ಒಂದು ಸಲ ಎದ್ದು ಓಡಾಡಿ ಬರುತ್ತೇನೆ ಎಂದರೆ ಅವಳನ್ನು ಯಾರು ತಪ್ಪು ಎನ್ನಬೇಕು? ಹನ್ನೆರಡು ದಿನದ ಹಿಂದೆ ನಾನು ನಕ್ಕ ಬೆನ್ನು ಅದು. ಈಗ ಆ ಬೆನ್ನಿನ ಮೇಲೆ ನನ್ನ ಗಂಡನ ಸುದ್ದಿ, ಇಬ್ಬರು ಗಂಡಸರ ಜೀವ, ಎರಡೂರಿನ ದಾರಿ ನಿಂತಿತ್ತು. ನನ್ನ ಕಾಲು ಜೋಮು ಹಿಡಿದಾಗಲೆಲ್ಲ ಅವಳಿಗೆ ಹೇಗಾಗಿರಬೇಡ ಎಂದುಕೊಂಡೆ. ನಾಚಿಕೆಯಾಯಿತು. ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ತಾಯವ್ವ ಚಹಾ ತಂದಳು. ಏಳುವ ಹಾಗಿಲ್ಲ, ಚಹಾ ಕುಡಿದರೆ ಆಮೇಲೆ ಕಷ್ಟ, ಬೇಡ ಎಂದೆ. ಅವಳು ಅದನ್ನು ತಾನೇ ಕುಡಿದು ನನ್ನ ಪಕ್ಕ ನೆಲದ ಮೇಲೆ ಕೂತಳು.

ನಾಲ್ಕೂ ಹತ್ತಾಯಿತು. ಆಕಾಶದಲ್ಲಿ ಏನೂ ಇಲ್ಲ. ನಾಲ್ಕೂ ಇಪ್ಪತ್ತಕ್ಕೆ ಹೊತ್ತು ಇಳಿಯತೊಡಗಿ ಜನ ವಿಮಾನ ಇಳಿಯುವ ಬಯಲಿನ ಉದ್ದಕ್ಕೂ ಲಾಟೀನು ಹಚ್ಚಿಟ್ಟರು. ನಾಲ್ಕೂವರೆಗೆ ಕಂಪೌಂಡರ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾಕಿಕೋ ಎಂದು ನಾನು ಕಿಟಕಿಯಿಂದಲೇ ಗದರಿದೆ. ಹಾಕಿಕೊಂಡ. ನಾನು ಎರಡು ಕೈಯಲ್ಲೂ ಹಲಗೆಯ ಚೌಕಟ್ಟು ಹಿಡಿದು ಕೂತೆ. ನನ್ನದೇ ಅಕ್ಷರವನ್ನು ನೋಡುತ್ತ ನೋಡುತ್ತ ಅದು ಅಕ್ಷರವೆನ್ನಿಸದಂತಾಯಿತು.

ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಸದ್ದು ಕೇಳಿಸಿದ್ದು ಮೊದಲು ತಾಯವ್ವನಿಗೆ. ಅವಳು ನನ್ನ ಮಂಡಿ ಹಿಡಿದು ಅಲ್ಲಾಡಿಸಿದಳು. ವಿಮಾನ ಲಾಟೀನುಗಳ ನಡುವೆ ಇಳಿದು, ಕುಲುಕಿ, ನಿಂತಿತು. ಚಕ್ರ ನಿಂತ ಮೇಲೆಯೇ ನಾನು ಎದ್ದದ್ದು. ಜೋಮು ಹಿಡಿದ ಕಾಲೆಳೆಯುತ್ತ ಬಾಗಿಲ ಹೊರಗೆ ಬಂದೆ. ಮೊದಲು ಇಳಿದವನು ಗಿಡ್ಡ ಮನುಷ್ಯ, ತೆಳ್ಳಗೆ, ಮೀಸೆಯೇ ಇಲ್ಲ. ಯಾರೋ ಗುಮಾಸ್ತನಿರಬೇಕು ಎಂದುಕೊಂಡೆ. ಅವನು ಮೆಟ್ಟಿಲ ಮೇಲೆ ನಿಂತೇ ನನ್ನ ಕಡೆ ಕೈ ಎತ್ತಿದ. ದನಿ ಕೇಳಿದ ಮೇಲೆ ಗುರುತು ಸಿಕ್ಕಿತು.

‘ಅದಾರ್ರಿ ಬಾಯಾರ, ಜೀವಂತ ಅದಾರ. ಹೊಲಿಗಿ ಹಾಕಿ ಹೊರಗ ತಂದದ್ದು ನೋಡೇ ಬಂದೀನಿ.’

ನಾನು ಅಲ್ಲೇ ಹಿಮದ ಮೇಲೆ ಕೂತುಬಿಟ್ಟೆ. ಜೋರಾಗಿ ಅತ್ತೆ, ಯಾರಿದ್ದಾರೆಂದೂ ನೋಡಲಿಲ್ಲ. ಆಮೇಲೆ ತಿಳಿಯಿತು. ಹತ್ತೂವರೆಗೆ ಎಲ್ಲ ಸಿದ್ಧವಾದರೂ ಧರಣೆಪ್ಪ ವಿಮಾನ ಹೊರಡಿಸಿರಲಿಲ್ಲ. ಸುದ್ದಿಯಿಲ್ಲದೆ ಅಲ್ಲಿಗೆ ಹೋಗಿ ಆ ಹೆಣ್ಣುಮಗಳ ಮುಂದೆ ಹೇಗೆ ನಿಲ್ಲಲಿ ಎಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಡಾಕ್ಟರ ಬಾಯಿಂದ ಕೇಳಿಕೊಂಡೇ, ಅರ್ಧ ತಾಸು ತಡವಾಗಿ ಬಂದು ಏರಿದ್ದ. ಕೆರೆ ಅಲ್ಲೇ ಇತ್ತು. ಮಂಜುಗಡ್ಡೆ ತಡೆಯಿತು. ದಂಡೆಯ ಮೇಲೆ ಯಾರೋ ಹಗ್ಗ ಕಟ್ಟಿ ಒಗೆದ ಕಂಬಳಿ ಒಂದನ್ನು ಒಣಹಾಕಿದ್ದರಂತೆ, ತಗಡಿನ ಹಾಗೆ ಸೆಟೆದಿತ್ತಂತೆ. ಇಬ್ಬರೂ ಕೂಗಿ ಕರೆದರೂ ಯಾರೂ ಬರಲಿಲ್ಲವಂತೆ. ಇದನ್ನು ಧರಣೆಪ್ಪ ಹೇಳಿದ. ಇಮಾಮಸಾಬ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ, ಇನ್ನೊಂದು ಲೋಟ ಚಹಾ ಕೇಳಿದ.

ಧರಣೆಪ್ಪ ನಮ್ಮ ಮನೆಯಲ್ಲಿ ಉಳಿದುಕೊಂಡ. ಬಡಿಸಿದ್ದನ್ನು ಅವನು ಅರ್ಧ ಬಿಟ್ಟ. ನನ್ನ ಬೇಳೆಯ ದೋಷವೇನೋ ಎಂದುಕೊಂಡೆ. ಅಲ್ಲ. ವೈರ್‌ಲೆಸ್ ಸತ್ತಿತ್ತಲ್ಲ, ವಿಮಾನ ಇಳಿದದ್ದನ್ನು ಅವನ ತಾಯಿಗೆ ತಿಳಿಸುವವರು ಯಾರೂ ಇರಲಿಲ್ಲ. ತಿಳಿಯುವ ತನಕ ಆಕೆ ಏಳುವುದಿಲ್ಲ, ನನಗೆ ಅವ್ವನ ಹಟ ಗೊತ್ತು ಎಂದ. ಕತ್ತಲಲ್ಲಿ ವಿಮಾನ ಹಾರುವಂತಿಲ್ಲ. ನಾನೂ ತಟ್ಟೆ ಸರಿಸಿದೆ.

ಬೆಳಿಗ್ಗೆ ಎಂಟಕ್ಕೆ ಹಲಗೆಗಳ ನಡುವೆ ಒಪ್ಪಿಗೆ ಮಾಡಿಕೊಳ್ಳಲು ಸಾಧ್ಯವಿರಲಿಲ್ಲ. ಹಾಗಾಗಿ ಮೂರು-ಮೂರು. ಮೂರು-ಮೂರಕ್ಕೆ ಕಾವಲು ಬೇಡ. ಅವರ ಜನರೇಟರಿಗೆ ಎರಡು ಡಬ್ಬಿ ಪೆಟ್ರೋಲ್ ಹೊರಿಸಿಕೊಂಡು ನಾನು ಧರಣೆಪ್ಪನ ಪಕ್ಕ ಕೂತೆ. ಹತ್ತೊಂಬತ್ತು ವರ್ಷ ಊರಿಗೆಲ್ಲ ದಾರಿ ಹಂಚಿದವಳು ಅವತ್ತೇ ಮೊದಲು ಆ ದಾರಿಯಲ್ಲಿ ಹೋದದ್ದು. ಮೂರು ತಾಸು ಎಂದರೆ ಎಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಸೀಟು ಮರದ್ದು. ಒಂದು ತಾಸಿಗೇ ನನ್ನ ಬೆನ್ನು ಹಿಡಿಯಿತು. ನಾಲ್ಕು ತಾಸು, ಆ ವಯಸ್ಸಿನಲ್ಲಿ, ಎಂದು ಬಾಯಿ ತೆರೆದವಳು ಧರಣೆಪ್ಪನ ಮುಖ ನೋಡಿ ಮುಚ್ಚಿಕೊಂಡೆ. ಅವನು ಕಿಟಕಿಗೆ ಹಣೆ ಒತ್ತಿಕೊಂಡು ಮುಂದಕ್ಕೆ ನೋಡುತ್ತಿದ್ದ.

ಇಳಿದಾಗ ಹನ್ನೊಂದು ದಾಟಿತ್ತು. ಅವರ ನಿಲ್ದಾಣ ನಮ್ಮದರ ಹಾಗೇ, ಒಂದೇ ಕೋಣೆ. ಒಳಗೆ ಹತ್ತು ಹದಿನೈದು ಜನ ಗೋಡೆಗೊರಗಿ ಕೂತಿದ್ದರು, ಕೆಲವರು ನಿದ್ದೆ ಹೋಗಿದ್ದರು. ನಡುವೆ ಸ್ಟೂಲಿನ ಮೇಲೆ, ಮೂರು ಶಾಲುಗಳ ಒಳಗೆ, ಪದ್ಮವ್ವ. ಹಿಂದೆ ಯಾರೋ ಗೋಧಿಚೀಲ ಒಟ್ಟಿ ಬೆನ್ನಿಗೆ ಆಸರೆ ಕೊಟ್ಟಿದ್ದರು. ಒಂದು ಕೈ ಹಲಗೆಯ ಮೇಲಿತ್ತು. ಹಲಗೆಯ ಮೇಲೆ ನಲವತ್ತು, ಧರಣೆಪ್ಪನ ಅಕ್ಷರ, ನನ್ನದಕ್ಕಿಂತ ದುಂಡಗೆ. ಹೊರಗೆ ವಿಮಾನದ ಸದ್ದು ಕೇಳಿದ್ದರೂ ಅವಳು ಎದ್ದಿರಲಿಲ್ಲ. ಮಗ ಬಂದು ಮುಂದೆ ನಿಂತು, ನಿನ್ನೆಯೇ ಇಳಿದೆವು, ಎಲ್ಲ ಸುಸೂತ್ರ ಎಂದ ಮೇಲೆಯೇ ಆ ಕೈ ಕೆಳಗೆ ಬಂತು.

ನಾನು ಹೋಗಿ ಅವಳ ಕಾಲು ಹಿಡಿದೆ. ಹೇಳಬೇಕೆಂದು ಮೂರು ತಾಸು ಕಲಿತುಕೊಂಡು ಬಂದದ್ದೆಲ್ಲ ಮರೆತುಹೋಯಿತು. ನಾನೇ ಆ ಇಂದುಮತಿ, ಅವತ್ತು ನಿಮ್ಮ ಬೆನ್ನನ್ನು ನಂಬದೆ ನಕ್ಕವಳು ಎಂದಷ್ಟೇ ಬಾಯಿಂದ ಬಂತು. ಅವಳು ಕೈಯೂರಿ ಮೆಲ್ಲಗೆ ಎದ್ದಳು, ಇಬ್ಬರು ಬಂದು ಹಿಡಿದುಕೊಂಡರು.

‘ಮೊದಲ ಗಂಡನ್ನ ನೋಡಿ ಬಾ ಹೋಗು’ ಎಂದಳು. ‘ಬೆನ್ನು ಎಲ್ಲಿಗೂ ಓಡಿಹೋಗಂಗಿಲ್ಲ. ಸಂಜೀಕ ಬಂದು ತಿಕ್ಕೀಯಂತ.’

ಆಸ್ಪತ್ರೆಗೆ ಓಡಿದೆ. ಚಂದ್ರಾಮ ಗಂಜಿ ಬೇಕೆಂದು ನರ್ಸಿನ ಜೊತೆ ಜಗಳವಾಡುತ್ತಿದ್ದ. ಕಣ್ತುಂಬ ನೋಡಿದೆ, ಹೊಟ್ಟೆ ತುಂಬ ಬೈದೆ. ಸಂಜೆ ಎಣ್ಣೆ ಬಿಸಿ ಮಾಡಿಕೊಂಡು ಪದ್ಮವ್ವನ ಮನೆಗೆ ಹೋದೆ.